ನಿಮಗಿದು ಗೊತ್ತೆ? ನಾಲ್ಕು ಅಕ್ಷರ ಸಿಕ್ಕರೂ ಪದ ಸಿಗದು!

ಜೋಶ್ ವಾರ್ಡಲ್ 2021ರಲ್ಲಿ ಎಲ್ಲರಿಗೂ ತೆರೆದಿಟ್ಟ, ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡ ವರ್ಡಲ್ ಆಟದಲ್ಲಿ ಐದು ಅಕ್ಷರಗಳ ಇಂಗ್ಲಿಷ್ ಪದವನ್ನು ಆರು ಪ್ರಯತ್ನಗಳೊಳಗೆ ಕಂಡುಹಿಡಿಯಬೇಕು. ಗೊತ್ತಾದ ಅಕ್ಷರಗಳು ಹೆಚ್ಚಿದಷ್ಟೂ ಉತ್ತರ ಹತ್ತಿರವಾಯಿತು ಎಂದು ನಂಬುವುದು ಸಹಜ. ಆದರೆ ಕೊನೆಯ ನಾಲ್ಕು ಅಕ್ಷರ ಐ, ಜಿ, ಎಚ್, ಟಿ ಎಂದು ಖಚಿತವಾಯಿತೆನ್ನಿ. ಫೈಟ್, ಲೈಟ್, ಮೈಟ್, ನೈಟ್, ರೈಟ್, ನೋಟ ಎಂಬರ್ಥದ ಸೈಟ್, ಟೈಟ್, ಜೊತೆಗೆ ಎಯ್ಟ್: ದಿನಬಳಕೆಯ ಪದಗಳೇ ಎಂಟು ಉಳಿಯುತ್ತವೆ. ಒಂದೊಂದಾಗಿ ಹಾಕುತ್ತ ಹೋದರೆ ಆರು ಅವಕಾಶವೂ ಸಾಲದೆ ಹೋಗಬಹುದು.

ಇಲ್ಲಿ ಕೈಹಿಡಿಯುವುದು ಉತ್ತರವಾಗಲಾರದ ಪದ. ಫಿಲ್ಮ್ಸ್ ಎಂದು ಹಾಕಿದರೆ ಎಫ್, ಎಲ್, ಎಂ, ಎಸ್ ನಾಲ್ಕರ ಪರೀಕ್ಷೆಯೂ ಒಂದೇ ಸಲಕ್ಕೆ ಮುಗಿಯುತ್ತದೆ. ಯಾವುದೂ ಹೊಂದಲಿಲ್ಲವೆ? ಇನರ್ಟ್ ಹಾಕಿದರೆ ಇ, ಎನ್, ಆರ್ ಇವೆಯೋ ಇಲ್ಲವೋ ತಿಳಿಯುತ್ತದೆ. ಮೂರೂ ಇಲ್ಲದಿದ್ದರೆ ಉಳಿಯುವುದು ಟೈಟ್ ಮಾತ್ರ. ಮೂರನೆಯ ಪ್ರಯತ್ನಕ್ಕೆ ಉತ್ತರ ಕೈಗೆ ಬಂದಂತೆಯೇ. ಗೊತ್ತಿದ್ದೂ ತಪ್ಪು ಪದ ಹಾಕಿ ಅವಕಾಶ ಕಳೆದುಕೊಳ್ಳುವುದೇಕೆ ಎಂಬ ಆಕ್ಷೇಪ ಎರಡೇ ಪದ ಉಳಿದಿದ್ದಾಗ ನ್ಯಾಯವಾದದ್ದು. ಎಂಟು ಉಳಿದಿರುವಾಗ ಅಲ್ಲ: ನೇರ ಊಹೆ ತಪ್ಪಿದರೆ ಪಟ್ಟಿಯಿಂದ ಹೋಗುವುದು ಒಂದೇ ಪದ, ಫಿಲ್ಮ್ಸ್ ಹಾಕಿದರೆ ಕನಿಷ್ಠ ನಾಲ್ಕು ಹೋಗುತ್ತವೆ. ಕ್ಲಾಡ್ ಶಾನನ್ 1948ರಲ್ಲಿ ಮಂಡಿಸಿದ ಮಾಹಿತಿ ಸಿದ್ಧಾಂತದ ಪ್ರಕಾರವೂ, ಹೌದು ಮತ್ತು ಅಲ್ಲ ಎಂಬೆರಡು ಉತ್ತರಗಳಿಗೂ ಸಮ ಸಾಧ್ಯತೆ ಇರುವ ಪ್ರಶ್ನೆಯೇ ಹೆಚ್ಚು ತಿಳಿಸಿಕೊಡುತ್ತದೆ. ಸಿಕ್ಕ ಸುಳಿವನ್ನು ಮತ್ತೆ ಬಳಸಲೇಬೇಕೆನ್ನುವ ಹಾರ್ಡ್ ಮೋಡ್‌ನಲ್ಲಿ ಮಾತ್ರ ಈ ದಾರಿ ಮುಚ್ಚಿದೆ. ಅಲ್ಲಿ ಇಂಥ ಗುಂಪಿನೊಳಗೆ ಸಿಕ್ಕಿಕೊಳ್ಳದಂತೆ ಮೊದಲ ಪದದಿಂದಲೇ ಎಚ್ಚರ ವಹಿಸಬೇಕು.