ಪಕ್ಕದ ಜಾಗದಲ್ಲಿ ಹತ್ತು ಮಹಡಿ: ನಂಬಿಕೆ ಎಷ್ಟು, ಸತ್ಯ ಎಷ್ಟು?

"ಲೈಸನ್ಸ್ ಆಗಿದೆಯಂತೆ, ಇನ್ನು ನಾವು ಏನು ಮಾಡಲಿಕ್ಕಾಗುತ್ತದೆ?" ಪಕ್ಕದ ಜಾಗಕ್ಕೆ ಜೆಸಿಬಿ ಇಳಿದ ಕೂಡಲೇ ಉಡುಪಿ, ಮಣಿಪಾಲದ ಹಳೆಯ ಹೆಂಚಿನ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು ಇದು. ಬಿಲ್ಡರ್‌ಗೂ ಕಚೇರಿಗೂ ನಡುವಿನ ವ್ಯವಹಾರ ಅದು, ನೆರೆಯವರಿಗೆ ಅಲ್ಲಿ ಜಾಗವಿಲ್ಲ ಎಂದು ನಂಬಿ ಸುಮ್ಮನಾಗುವವರೇ ಹೆಚ್ಚು. ಈ ನಂಬಿಕೆ ತಪ್ಪೆಂದು ಸುಪ್ರೀಂ ಕೋರ್ಟ್ ಐವತ್ತು ವರ್ಷಗಳ ಹಿಂದೆಯೇ ಹೇಳಿದೆ. ಹೇಳಿದ್ದು ಉಡುಪಿಯದ್ದೇ ಒಂದು ಪ್ರಕರಣದಲ್ಲಿ.

ಕಾನೂನು ಪುಸ್ತಕಗಳಲ್ಲಿ ಅದರ ಹೆಸರು ಕೆ. ರಾಮದಾಸ ಶೆಣೈ ವಿರುದ್ಧ ಉಡುಪಿ ಪುರಸಭೆ, ವರ್ಷ 1974. ವಾಸದ ಪ್ರದೇಶವೆಂದು ಯೋಜನೆಯಲ್ಲಿ ಗುರುತಿಸಿದ್ದ ಕಡೆ ಕಲ್ಯಾಣಮಂಟಪ ಹಾಗೂ ಉಪನ್ಯಾಸ ಸಭಾಂಗಣಕ್ಕೆಂದು ಅನುಮತಿ ಸಿಕ್ಕಿತ್ತು. ಆಮೇಲೆ ಅದು ಸಿನೆಮಾ ಟಾಕೀಸಾಗಿ ಬದಲಾಯಿತು, ಪುರಸಭೆಯೂ ನಿರ್ಣಯ ಮಾಡಿ ಒಪ್ಪಿತು. ಊರಿನ ನಿವಾಸಿಯೊಬ್ಬರು ಕೋರ್ಟಿಗೆ ಹೋದರು. ನಿರ್ಣಯ ಕಾನೂನುಬಾಹಿರ ಎಂದು ಹೈಕೋರ್ಟ್ ಒಪ್ಪಿದರೂ ಕಟ್ಟಡಕ್ಕೆ ಆಗಲೇ ಹಣ ಸುರಿದಾಗಿದೆ ಎಂಬ ಕಾರಣಕ್ಕೆ ರದ್ದು ಮಾಡಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಅವರ ಪೀಠ ರದ್ದು ಮಾಡಿತು. ಯೋಜನೆ ಇರುವುದು ಆ ಪ್ರದೇಶದ ನಿವಾಸಿಗಳ ಹಿತಕ್ಕಾಗಿ. ಅದನ್ನು ಮೀರಿದ ಕಟ್ಟಡ ಅವರ ಆಸ್ತಿಯ ಅನುಭೋಗಕ್ಕೇ ಪೆಟ್ಟು ಕೊಡುತ್ತದೆ. ಹಣ ಖರ್ಚಾದ ಮಾತ್ರಕ್ಕೆ ಅಕ್ರಮ ಸಕ್ರಮವಾಗದು ಎಂಬುದು ತೀರ್ಪಿನ ಸಾರ. ದೇಶದ ಎಷ್ಟೋ ಹೈಕೋರ್ಟುಗಳು ಇವತ್ತಿಗೂ ಆಧಾರವಾಗಿ ತೆಗೆದುಕೊಳ್ಳುವ ಈ ತೀರ್ಪು ಅದು ಹುಟ್ಟಿದ ಊರಿನಲ್ಲೇ ಮರೆತುಹೋಗಿದೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಹಾಗೆಂದು ನೆರೆಯವರು ನಂಬಿಕೊಂಡ ಹಕ್ಕುಗಳೆಲ್ಲ ಇವೆಯೆಂದೂ ಅಲ್ಲ. "ನಮ್ಮ ಟೆರೇಸಿನಿಂದ ಕಡಲು ಕಾಣುತ್ತಿತ್ತು, ಈಗ ಫ್ಲ್ಯಾಟು ಅಡ್ಡ ಬಂತು" ಎಂಬ ದೂರಿಗೆ ಕೋರ್ಟಿನಲ್ಲಿ ಬಲವಿಲ್ಲ. ನೋಟದ ಹಕ್ಕೆಂಬುದನ್ನು ನಮ್ಮ ಕಾನೂನು ಮಾನ್ಯ ಮಾಡುವುದಿಲ್ಲ. ನಿಯಮ ಪಾಲಿಸಿ ಎತ್ತರ ಕಟ್ಟುವುದು ಜಾಗದ ಮಾಲೀಕರ ಹಕ್ಕು, ಅದನ್ನು ನಾವು ಒಪ್ಪಲೇಬೇಕು. ಗಾಳಿ, ಬೆಳಕಿನದು ಬೇರೆ ಲೆಕ್ಕ. 1882ರ ಈಸ್‌ಮೆಂಟ್ ಕಾಯ್ದೆ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡಕ್ಕೆ ಮೊದಲಿನಿಂದಲೇ ಅನ್ವಯಿಸಿದೆ. ಅದರ 15ನೇ ಸೆಕ್ಷನ್ ಪ್ರಕಾರ ಕಟ್ಟಡದ ಕಿಟಕಿಗೆ 20 ವರ್ಷ ತಡೆಯಿಲ್ಲದೆ ಬಂದ ಬೆಳಕು ಹಕ್ಕಾಗುತ್ತದೆ. ಅಂಗಳಕ್ಕೋ ತೋಟಕ್ಕೋ ಬೀಳುತ್ತಿದ್ದ ಬಿಸಿಲಿಗೆ ಆ ರಕ್ಷಣೆ ಇಲ್ಲ. ಕಿಟಕಿಯ ವಿಷಯದಲ್ಲೂ ಬೆಳಕು ಸ್ವಲ್ಪ ಕಡಿಮೆಯಾದರೆ ಸಾಲದು, ಮನೆಯೊಳಗೆ ನೆಮ್ಮದಿಯಿಂದ ಇರಲಾಗದಷ್ಟು ತೊಂದರೆ ಆಗಿರಬೇಕು.

ನಮ್ಮ ಕರಾವಳಿಗೆ ಇದಕ್ಕಿಂತ ದೊಡ್ಡದು ದರೆಯ ಪ್ರಶ್ನೆ. "ಅವರ ಜಾಗ, ಅವರು ಎಷ್ಟು ಆಳ ಬೇಕಾದರೂ ಅಗೆದುಕೊಳ್ಳಲಿ" ಎಂದು ಹೇಳುವವರಿದ್ದಾರೆ. ಮಣಿಪಾಲದ ಗುಡ್ಡದಂಥ ನೆಲವನ್ನು ಅಗೆದು ನೋಡಿದರೆ ಮೇಲ್ಗಡೆ ಗಟ್ಟಿ ಮುರಕಲ್ಲು, ಅದರಡಿ ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬಿಳಿ-ಕೆಂಪು ಬಣ್ಣದ ಶೇಡಿ ಮಣ್ಣು ಸಿಗುತ್ತದೆ. ಬೇಸ್‌ಮೆಂಟಿಗಾಗಿ ಗಡಿಯ ತನಕ ನೆಟ್ಟಗೆ ಕಡಿದಾಗ ಬೇಸಗೆಯಲ್ಲಿ ಗೋಡೆಯಂತೆ ನಿಂತ ಆ ದರೆಯನ್ನು ನೋಡಿ ಯಾರಿಗೂ ಭಯವಾಗುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯನ್ನು ಕರಗಿಸುತ್ತದೆ, ಮೇಲಿನ ಕಲ್ಲು ತನ್ನದೇ ಭಾರಕ್ಕೆ ಕಳಚುತ್ತದೆ, ಜೊತೆಗೆ ಪಕ್ಕದವರ ಕಂಪೌಂಡೂ ಹೋಗುತ್ತದೆ. ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ ಇಲ್ಲಿ ಸ್ಪಷ್ಟವಾಗಿದೆ: ಪಕ್ಕದ ನೆಲ ನಮ್ಮ ನೆಲಕ್ಕೆ ಸಹಜವಾಗಿ ಕೊಡುವ ಆಧಾರ ನಮ್ಮ ಹಕ್ಕು. ಅದಕ್ಕೆ 20 ವರ್ಷ ಕಾಯಬೇಕಾಗಿಲ್ಲ, ಪತ್ರವೂ ಬೇಡ. ಗಮನಿಸಬೇಕಾದ ಮಾತೊಂದಿದೆ. ಈ ಹಕ್ಕು ಸಹಜ ಸ್ಥಿತಿಯ ನೆಲಕ್ಕೆ ಮಾತ್ರ. ಅದರ ಮೇಲೆ ನಾವು ಹೇರಿದ ಮನೆಯ ಭಾರಕ್ಕೂ ಆಧಾರ ಕೇಳಬೇಕಾದರೆ ಮತ್ತೆ 20 ವರ್ಷದ ಲೆಕ್ಕ ಬರುತ್ತದೆ. ದರೆ ಕುಸಿದ ಮೇಲೆ ಪರಿಹಾರಕ್ಕೆ ಅಲೆಯುವ ಬದಲು ಅಗೆತ ಶುರುವಾದಾಗಲೇ ತಡೆಗೋಡೆಗೆ ಒತ್ತಾಯಿಸಿ ಬರೆದುಕೊಡುವುದು ಒಳ್ಳೆಯದು.

ಬಾವಿಯ ವಿಷಯದಲ್ಲೂ ಜನರ ಎಣಿಕೆ ಒಂದು, ಕಾನೂನು ಇನ್ನೊಂದು. ಅಪಾರ್ಟ್‌ಮೆಂಟಿನ ಬೋರ್‌ವೆಲ್‌ನಿಂದ ನಮ್ಮ ಬಾವಿ ಬತ್ತಿತು ಎಂದರೆ ಈ ಕಾಯ್ದೆಯಲ್ಲಿ ಆಸರೆ ಕಡಿಮೆ; ಗೊತ್ತಾದ ಕಾಲುವೆಯಿಲ್ಲದೆ ನೆಲದಡಿ ಹರಡಿದ ನೀರನ್ನು ತನ್ನ ಗಡಿಯೊಳಗೆ ತೆಗೆಯುವ ಹಕ್ಕು ಪ್ರತಿ ಮಾಲೀಕನಿಗೂ ಇದೆ. ಆದರೆ ಅವರ ಕೊಳಚೆ ಗುಂಡಿಯಿಂದ ಒಸರಿ ನಮ್ಮ ಬಾವಿ ಕೆಟ್ಟರೆ ಅದು ಹಕ್ಕಿನ ಉಲ್ಲಂಘನೆ. ನೀರಿನ ಪರೀಕ್ಷೆಯ ವರದಿಯನ್ನು ಕಟ್ಟಡ ಏಳುವ ಮೊದಲೇ ಒಂದು ಸಲ ಮಾಡಿಸಿಟ್ಟುಕೊಂಡರೆ ಮುಂದೆ ಹೋಲಿಸಲಿಕ್ಕೆ ಕೈಯಲ್ಲಿ ಪುರಾವೆ ಇರುತ್ತದೆ.

"ಪಕ್ಕದವರು ಎನ್‌ಒಸಿ ಕೊಟ್ಟರೆ ಸೆಟ್‌ಬ್ಯಾಕ್ ಬಿಡಬೇಕಾಗಿಲ್ಲ" ಎಂಬುದೂ ಸುಳ್ಳು. ಸೆಟ್‌ಬ್ಯಾಕ್ ಇಬ್ಬರು ನೆರೆಯವರ ಖಾಸಗಿ ಒಪ್ಪಂದಕ್ಕೆ ಸೇರಿದ್ದಲ್ಲ. ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಸುತ್ತು ಬರಬೇಕಾದ ದಾರಿ ಅದು. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀಟರ್ ಎತ್ತರದ ಕಟ್ಟಡಕ್ಕೆ ಸುತ್ತ 5 ಮೀಟರ್, 30 ಮೀಟರ್ ಎತ್ತರಕ್ಕೆ 10 ಮೀಟರ್ ಖಾಲಿ ಜಾಗ ಎಂದಿದೆ. ನೆರೆಯವರ ಸಹಿಯಿಂದ ಈ ಅಳತೆ ಕುಗ್ಗುವುದಿಲ್ಲ.

ವಾಸದ ವಲಯದ ಜಾಗವನ್ನು ವಾಣಿಜ್ಯಕ್ಕೆ ಬದಲಾಯಿಸಿಕೊಳ್ಳುವ ದಾರಿ ಕಾನೂನಿನಲ್ಲಿ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಸೆಕ್ಷನ್ ಅದಕ್ಕೆ ಎಡೆ ಕೊಡುತ್ತದೆ. ಗುಟ್ಟಾಗಿ ಮಾಡಲಿಕ್ಕೆ ಮಾತ್ರ ಬರುವುದಿಲ್ಲ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಊರಿನಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪ ಕರೆಯಬೇಕು. ಪತ್ರಿಕೆಯ ಒಳಪುಟದಲ್ಲಿ ಸರ್ವೆ ನಂಬರುಗಳ ಸಣ್ಣ ಪ್ರಕಟಣೆಯನ್ನು ಓದದೆ ಪುಟ ತಿರುಗಿಸುವವರು ತಮ್ಮ ಮಾತು ಹೇಳುವ ಅವಕಾಶವನ್ನು ಅಲ್ಲೇ ಬಿಟ್ಟುಕೊಡುತ್ತಾರೆ.

ಕಾಪು, ಕಾರ್ಕಳದಲ್ಲಿ ಇನ್ನೊಂದು ನಂಬಿಕೆ: ಪುರಸಭೆ ಒಪ್ಪಿದರೆ ಮುಗಿಯಿತು. ಕಾರ್ಕಳದ ಗೊಮ್ಮಟನೂ ಚತುರ್ಮುಖ ಬಸದಿಯೂ ಕೇಂದ್ರದ ರಕ್ಷಿತ ಸ್ಮಾರಕಗಳು. 2010ರ ತಿದ್ದುಪಡಿಯಂತೆ ಅವುಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಅಲ್ಲಿ ವಿನಾಯಿತಿ ಕೊಡುವ ಅಧಿಕಾರ ಪುರಸಭೆಗಿಲ್ಲ. ಕಾಪು ಕಡಲ ತೀರದಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಇದೇ ನಿಯಮ ಮೀರಿದ್ದಕ್ಕೆ ಕೇರಳದ ಮರಡಿನಲ್ಲಿ ಪಂಚಾಯತ್ ಪರವಾನಗಿ ಪಡೆದೇ ಎದ್ದಿದ್ದ ನಾಲ್ಕು ವಸತಿ ಸಮುಚ್ಚಯಗಳನ್ನು 2020ರ ಜನವರಿ 11 ಮತ್ತು 12ರಂದು ನೆಲಸಮ ಮಾಡಿದರು.

"ಕಟ್ಟಿಬಿಡುವ, ಮತ್ತೆ ದಂಡ ಕಟ್ಟಿ ಸಕ್ರಮ ಮಾಡಿಕೊಂಡರಾಯಿತು" ಎನ್ನುವವರು ಅಕ್ರಮ-ಸಕ್ರಮ ಯೋಜನೆಯ ಕಥೆ ಕೇಳಬೇಕು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದನ್ನು ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆಯಿತು. 2024ರ ಡಿಸೆಂಬರ್ 17ರ ಇನ್ನೊಂದು ತೀರ್ಪಿನಲ್ಲಿ, ಕಾಮಗಾರಿ ಮುಗಿಯುವ ತನಕ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲೇ ಪ್ರದರ್ಶಿಸಬೇಕು, ಪೂರ್ಣಗೊಂಡ ಪ್ರಮಾಣಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಅದು ಆದೇಶಿಸಿದೆ.

ಆ ನಕ್ಷೆ ಸ್ಥಳದಲ್ಲಿ ಕಾಣದಿದ್ದರೆ ಮಾಹಿತಿ ಹಕ್ಕಿನಲ್ಲಿ ಪ್ರತಿ ಕೇಳಬಹುದು. ಟೇಪು ಹಿಡಿದು ಅಳೆದು, ನಕ್ಷೆಯಲ್ಲಿ ಇಷ್ಟು ಮೀಟರ್ ಇದೆ, ಜಾಗದಲ್ಲಿ ಇಷ್ಟೇ ಇದೆ ಎಂದು ಫೋಟೊ ಸಹಿತ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಇದನ್ನು ಅಡಿಪಾಯದ ಹಂತದಲ್ಲೇ ಮಾಡಬೇಕು; ಎಂಟನೇ ಮಹಡಿಯ ಸ್ಲ್ಯಾಬ್ ಬಿದ್ದ ಮೇಲೆ ಬಂದವರನ್ನು, ಇಷ್ಟು ದಿನ ಏಕೆ ಸುಮ್ಮನಿದ್ದಿರಿ ಎಂದೇ ಕೋರ್ಟ್ ಮೊದಲು ಕೇಳುತ್ತದೆ.