ಸಲಹೆಗೂ ಒಂದು ಸಂಘ ಬೇಕು

ಬೆಳಗಾವಿ ಜಿಲ್ಲೆಯ ಕಲ್ಲೋಳಿಯಂಥ ಊರಿನಲ್ಲಿ ಸಲಹೆ ಮಾರುವುದು ಕಷ್ಟದ ವ್ಯಾಪಾರ. ಗೊಬ್ಬರ ಒಯ್ದವನು ರೊಕ್ಕ ಎಣಿಸುತ್ತಾನೆ, ಟ್ರ್ಯಾಲಿಗೆ ವೆಲ್ಡಿಂಗ್ ಮಾಡಿಸಿದವನೂ ಎಣಿಸುತ್ತಾನೆ. ಮನೆಯ ನಕ್ಷೆ ತೆಗೆದುಕೊಟ್ಟ ಎಂಜಿನಿಯರ್, ಜಿಎಸ್‌ಟಿ ರಿಟರ್ನ್ ತುಂಬುವ ತೆರಿಗೆ ಸಲಹೆಗಾರ, ಬ್ಯಾಂಕಿನ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆಯುವವನು ಬಿಲ್ ಮುಂದಿಟ್ಟರೆ ಮಾತ್ರ, ‘ಎರಡ್ ಹಾಳಿಗೆ ಇಷ್ಟ್ ರೊಕ್ಕಾ ಏನ್ರೀ ಸಾಹೇಬ್ರ?’ ಎಂಬ ಪ್ರಶ್ನೆ ಏಳುತ್ತದೆ. ಕೇಳಿದವರಲ್ಲಿ ಕೆಟ್ಟತನವಿಲ್ಲ. ಕೈಗೆ ಸಿಕ್ಕಿದ್ದು ಹಾಳೆ, ಅದರ ಹಿಂದಿನ ಓದು ಕಣ್ಣಿಗೆ ಕಾಣುವುದಿಲ್ಲ.

ಆದರೂ ಈ ಕಸುಬಿಗೆ ಇಲ್ಲಿ ಕೆಲಸ ಕಡಿಮೆಯಿಲ್ಲ. ಹತ್ತಿರದ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕಾ ಕಾಲೇಜಿದೆ. ಅಲ್ಲಿ ಓದಿದವರು ಹನಿ ನೀರಾವರಿ, ಮಣ್ಣು ಪರೀಕ್ಷೆ, ನರ್ಸರಿ ಎಂದು ಸಲಹೆಗಿಳಿಯಬಹುದು. ಕೃಷಿ ಪದವೀಧರರು ಇಂಥ ಕೇಂದ್ರ ತೆರೆಯಲು ನೆರವಾಗುವ ಅಗ್ರಿ ಕ್ಲಿನಿಕ್ ಯೋಜನೆಯನ್ನು ಕೇಂದ್ರ ಸರ್ಕಾರ 2002ರಲ್ಲೇ ತಂದಿದೆ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಯ ಪಾಲಿಗೆ ಬಂದ ಉತ್ಪನ್ನ ಬೆಲ್ಲ. ಗಾಣ ಸುಧಾರಿಸಲು ಸಾಲ ಬಯಸುವ ರೈತನ ಅರ್ಜಿ, ಲೆಕ್ಕ, ಪರವಾನಗಿ ಎಲ್ಲವನ್ನೂ ಹೊಂದಿಸಿಕೊಡಲು ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಒಂದು ಸಾಲಕ್ಕೆ ಅವರ ಸಂಭಾವನೆ 20,000 ರೂಪಾಯಿ, ಅದೂ ಸಾಲ ಮಂಜೂರಾದ ಮೇಲೆ. ಬ್ಯಾಂಕು ಒಲ್ಲೆ ಎಂದರೆ ಓಡಾಡಿದ್ದಷ್ಟೇ ಲಾಭ.

ಇಂಥವರ ಪರವಾಗಿ ಮಾತಾಡುವವರು ಯಾರು? ಕರ್ನಾಟಕದಲ್ಲಿ ವಾಣಿಜ್ಯ ಸಂಘಗಳ ಪರಂಪರೆ ಗಟ್ಟಿಯಾದದ್ದು. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1916ರಲ್ಲಿ ಹುಟ್ಟಿದ ಮೈಸೂರು ವಾಣಿಜ್ಯ ಮಂಡಳಿಯೇ ಇಂದಿನ ಎಫ್‌ಕೆಸಿಸಿಐ. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ 1928ರದು. ಮುಂಬಯಿ ಪ್ರಾಂತದ ಕಾಲದಿಂದ ನಮ್ಮ ಕಡೆಯ ವರ್ತಕರ ದನಿ ಅದು. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಲ್ಲಿ ಬಂತು. ಕಸುಬಿಗೊಂದರಂತೆ ಇರುವ ಸಂಘಗಳು ಬೇರೆ. ರಾಜ್ಯದ ಚಾರ್ಟರ್ಡ್ ಅಕೌಂಟೆಂಟರ ಸಂಘ 1957ರದು, ತೆರಿಗೆ ವೃತ್ತಿಗಾರರ ಅಖಿಲ ಭಾರತ ಒಕ್ಕೂಟ 1976ರದು. ಸಲಹಾ ಸಿವಿಲ್ ಎಂಜಿನಿಯರುಗಳ ಸಂಘ 1985ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು.

ಕೂಡಿ ಮಾಡುವುದು ಈ ಸೀಮೆಗೆ ಹೊಸದೇನಲ್ಲ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿಯ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕೂಂಡಿ ನಾಡಿನ ಮುಮ್ಮುರಿದಂಡವೆಂಬ ವರ್ತಕ ಸಮೂಹ, ಲಾಳ ಮತ್ತು ಮಲೆಯಾಳದ ವ್ಯಾಪಾರಿಗಳು ಒಟ್ಟಾಗಿ ಬಸದಿಗೆ ದತ್ತಿ ಕೊಟ್ಟದ್ದನ್ನು ಅವು ಹೇಳುತ್ತವೆ. ಕಲ್ಲೋಳಿಯ ಬಸದಿಯ ಶಾಸನವೂ ಅದೇ ಅರಸನ ಕಾಲದ್ದು. ಇತ್ತಲಾಗಿ 1969ರಲ್ಲಿ ಹುಕ್ಕೇರಿಯವರು ಕರೆಂಟು ಹಂಚುವುದಕ್ಕೇ ಸಹಕಾರಿ ಸಂಘ ಕಟ್ಟಿಕೊಂಡರು. ದೇಶದಲ್ಲಿ ಪ್ರಯೋಗಕ್ಕೆಂದು ಆರಂಭವಾದ ಐದು ವಿದ್ಯುತ್ ಸಹಕಾರಿಗಳಲ್ಲಿ ಅದೂ ಒಂದು. ಲೈಟು ಕೂಡ ಸಂಘದಿಂದಲೇ ತಂದುಕೊಂಡ ಸೀಮೆಯಲ್ಲಿ ಸಲಹೆಗಾರರು ಮಾತ್ರ ಒಂಟಿಯಾಗಿ ಕೂತಿರುವುದು ನನಗಂತೂ ಸೋಜಿಗ.

ಸಂಘವೆಂದರೆ ವರ್ಷಕ್ಕೊಂದು ಸಭೆ, ಶಾಲು, ಹಾರ, ಮಂತ್ರಿಗಳಿಗೆ ಮನವಿ ಎಂದು ನಗುವವರಿದ್ದಾರೆ. ಆ ನಗೆಗೆ ಕಾರಣಗಳೂ ಇವೆ. ಆದರೆ ಕಾಗದದ ಕೆಲಸ ಎಲ್ಲಿ ಹಣವಾಗುತ್ತದೆ ಎಂದು ನೋಡಬೇಕಾದರೆ 2006ರ ಎಂಎಸ್‌ಎಂಇ ಕಾಯ್ದೆಗೆ ಬರಬೇಕು. ಅದರಲ್ಲಿ ಕಾರ್ಖಾನೆಯಷ್ಟೇ ಅಲ್ಲ, ಸೇವೆ ಕೊಡುವವರೂ ಸೇರುತ್ತಾರೆ; ಸಲಹೆಗಾರನೂ ಉದ್ಯಮ್ ನೋಂದಣಿ ಮಾಡಿಸಬಹುದು, ಶುಲ್ಕವಿಲ್ಲ. ಕಿರು ಅಥವಾ ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡವನ ಬಿಲ್ಲನ್ನು, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ತೀರಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಕೇಳಲು ರಾಜ್ಯದ ಸೌಲಭ್ಯ ಮಂಡಳಿಯಿದೆ. ಮಂಡಳಿಯ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಹೊರಟ ಸಾಲಗಾರ ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು. ನೋಂದಣಿ ಕೆಲಸಕ್ಕಿಂತ ಮೊದಲೇ ಆಗಿರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರಿಂದ, ಬಾಕಿ ಬಿದ್ದ ಮೇಲೆ ಓಡುವುದಕ್ಕಿಂತ ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು.

ಇಷ್ಟೆಲ್ಲ ಬಲವಿದ್ದೂ ಸಣ್ಣ ಸಲಹೆಗಾರ ದೂರು ಕೊಡುವುದಿಲ್ಲ. ಯಾಕೆಂದರೆ ಬಾಕಿದಾರನೇ ಮುಂದಿನ ಕೆಲಸ ಕೊಡುವವನು. ಊರು ಸಣ್ಣದು; ಒಬ್ಬರ ಮೇಲೆ ಅರ್ಜಿ ಹಾಕಿದ ಸುದ್ದಿ ಮರುದಿನ ಗೋಕಾಕದ ಚಹಾದಂಗಡಿಯಲ್ಲಿರುತ್ತದೆ. ಸಂಘದ ನಿಜವಾದ ಉಪಯೋಗ ಇಲ್ಲೇ. ‘ಇಂಥ ಇಲಾಖೆಯಲ್ಲಿ ಸೇವಾ ಬಿಲ್ಲುಗಳು ತಡವಾಗುತ್ತಿವೆ’ ಎಂದು ಸಂಘದ ಹಾಳೆಯಲ್ಲಿ ಬರೆದ ಪತ್ರಕ್ಕೆ ಒಬ್ಬನ ಹೆಸರಿರುವುದಿಲ್ಲ, ಒಬ್ಬನ ಮೇಲೆ ಸಿಟ್ಟು ತೀರಿಸಿಕೊಳ್ಳಲೂ ಬರುವುದಿಲ್ಲ. ಹೆಸರಿಲ್ಲದೆ ಜಗಳವಾಡುವ ಈ ಸವಲತ್ತು ದೊಡ್ಡ ಕಂಪನಿಗೆ ಬೇಕಿಲ್ಲ, ಅದಕ್ಕೆ ವಕೀಲರಿದ್ದಾರೆ. ಒಂದು ಕೋಣೆ, ಒಂದು ಕಂಪ್ಯೂಟರಿನವನಿಗೆ ಬೇಕು.

ತೆರಿಗೆಯ ವಿಷಯವೂ ಹೀಗೆಯೇ. ವರ್ಷದ ವಹಿವಾಟು 20 ಲಕ್ಷ ದಾಟಿದ ಸಲಹೆಗಾರ ಜಿಎಸ್‌ಟಿಗೆ ಒಳಪಡುತ್ತಾನೆ. ಲಕ್ಷದ ಬಿಲ್ ಬರೆದರೆ ಶೇ 18ರಂತೆ 18,000 ರೂಪಾಯಿ ತೆರಿಗೆ; ಗಿರಾಕಿ ಕೊಡಲಿ ಬಿಡಲಿ, ಬಿಲ್ ಬರೆದ ಅವಧಿಯ ಲೆಕ್ಕಕ್ಕೆ ಅದು ಸೇರುತ್ತದೆ. ಬಾರದ ಹಣಕ್ಕೆ ಕೈಯಿಂದ ತೆರಿಗೆ ಕಟ್ಟುವ ಸಂಕಟ ಒಬ್ಬನ ಬಾಯಲ್ಲಿ ಗೊಣಗಾಟ, ಬಜೆಟ್‌ಪೂರ್ವ ಸಭೆಯಲ್ಲಿ ಅಹವಾಲು.

ಕೊರತೆಗಳನ್ನೂ ಹೇಳಬೇಕು. ವಾಣಿಜ್ಯ ಸಂಘಗಳ ಮನಸ್ಸಿನಲ್ಲಿ ಇಂದಿಗೂ ಶೆಡ್ಡು, ಯಂತ್ರ, ಕರೆಂಟು ದರಗಳೇ ಮುಂದು. ಸಲಹೆಗಾರ ಅಲ್ಲಿ ಹಿಂದಿನ ಸಾಲಿನ ಸದಸ್ಯ. ವಕೀಲರಿಗೆ 1961ರ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ. ಎಂಜಿನಿಯರನ ವೃತ್ತಿಗೆ ಅಂಥ ದೇಶವ್ಯಾಪಿ ಕಾಯ್ದೆಗಾಗಿ ಬೇಡಿಕೆ ದಶಕಗಳಿಂದ ನಡೆದಿದೆ. ಸಭೆಗಳೆಲ್ಲ ಬೆಂಗಳೂರು, ಹುಬ್ಬಳ್ಳಿ, ಹೆಚ್ಚೆಂದರೆ ಬೆಳಗಾವಿಯಲ್ಲಿ. ಮೂಡಲಗಿ ತಾಲ್ಲೂಕಿನಿಂದ ಒಂದು ದಿನದ ದುಡಿಮೆ ಬಿಟ್ಟು ಹೋಗಬೇಕು.

ಇನ್ನೊಂದು ಆಸೆಯನ್ನು ಸಂಘದ ಮೇಲೆ ಇಡುವಂತಿಲ್ಲ. ‘ಇಷ್ಟಕ್ಕಿಂತ ಕಡಿಮೆಗೆ ಯಾರೂ ನಕ್ಷೆ ತೆಗೆಯಬಾರದು’ ಎಂದು ಸದಸ್ಯರೆಲ್ಲ ಸೇರಿ ದರ ಕಟ್ಟುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಮಾದರಿ ಕರಾರುಪತ್ರ ಕೊಡಬಹುದು: ಮುಂಗಡ ಎಷ್ಟು, ನಕ್ಷೆ ಎಷ್ಟು ಸಲ ತಿದ್ದಬೇಕು, ಬಿಲ್ ಎಷ್ಟು ದಿನದಲ್ಲಿ ತೀರಬೇಕು ಎಂದು. ಅದು ಕನ್ನಡದಲ್ಲಿರಬೇಕು, ಕಲ್ಲೋಳಿಯ ಗಿರಾಕಿ ಓದಿ ಸಹಿ ಹಾಕಬೇಕಾದ ಕಾಗದ ಅದು.