ಕಂಟ್ರೋಲರ್: ಬೆಲೆಗೆ ತಕ್ಕ ಬಾಳಿಕೆ ಇದೆಯೇ?

ವಿಡಿಯೋ ಗೇಮ್ ಕಂಟ್ರೋಲರ್‌ನಲ್ಲಿ ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಕಡ್ಡಿಯನ್ನು ನೀವು ನೋಡಿರಬಹುದು. ಅದರ ಬುಡದಲ್ಲಿ ಸಾಮಾನ್ಯವಾಗಿ ಇರುವುದು ಪ್ರಯೋಗಾಲಯದಲ್ಲಿ ಪರಿಚಿತವಾದ ಪೊಟೆನ್ಶಿಯೋಮೀಟರ್. ಕಡ್ಡಿ ವಾಲಿದಂತೆ ಲೋಹದ ತುದಿ ಇಂಗಾಲದ ಪಟ್ಟಿಯ ಮೇಲೆ ಜಾರಿ ವೋಲ್ಟೇಜ್ ಬದಲಾಗುತ್ತದೆ. ಅದರಿಂದ ಕಡ್ಡಿಯ ಸ್ಥಾನ ತಿಳಿಯುತ್ತದೆ. ಪಟ್ಟಿ ಸವೆದಾಗ, ಬೆರಳು ತಾಗದಿದ್ದರೂ ಪರದೆಯ ಮೇಲಿನ ಪಾತ್ರ ತಾನಾಗಿ ಸರಿಯತೊಡಗುತ್ತದೆ.

2020ರಲ್ಲಿ ಅಮೆರಿಕದಲ್ಲಿ ಸುಮಾರು 70 ಡಾಲರ್ ಬೆಲೆಗೆ ಬಂದ ಸೋನಿಯ ಡ್ಯುಯಲ್‌ಸೆನ್ಸ್‌ನಲ್ಲೂ ಇದೇ ಏರ್ಪಾಡು. ಚಲನೆಯ ಸಂವೇದಕ, ಬ್ಯಾಟರಿ, ನಿಸ್ತಂತು ಸಂಪರ್ಕಗಳಿಗೆ ಹಣ ತೆರುವುದು ಸರಿಯೇ. ಆದರೆ ಸವೆತ ಅನಿವಾರ್ಯವೇ? ಅಲ್ಲ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮದಿಂದ, ಉಜ್ಜಾಟವಿಲ್ಲದೆ ಕಾಂತಕ್ಷೇತ್ರದ ಮೂಲಕವೇ ಸ್ಥಾನವನ್ನು ಅಳೆಯಬಹುದು. 1998ರ ಸೆಗಾ ಡ್ರೀಮ್‌ಕಾಸ್ಟ್‌ನಲ್ಲಿ ಈ ಕ್ರಮವೇ ಇತ್ತು.

ಆದ್ದರಿಂದ ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡಿ. ನ್ಯಾಯವಾದ ಬೆಲೆ ಯಾವುದೆಂಬುದು ಆಗ ತಿಳಿದೀತು.